ಮನೆವಾರ್ತೆ ಅಂದರೆ ಒಡೆತನ ಅಲ್ಲ, ಪ್ರಕಟಣೆಯೂ ಅಲ್ಲ

ಹೋದ ಸೆಪ್ಟೆಂಬರಿನಲ್ಲಿ ಒಂದು ಚರ್ಚಿನ ಗೇಟಿಗೆ ಹಸಿರು ಫ್ಲೆಕ್ಸ್ ಕಟ್ಟಿದ್ದರು. 'ದೇವರ ಸೃಷ್ಟಿಗೆ ನಾವೇ ಒಡೆಯರು. ಪರಿಸರ ಮನೆವಾರ್ತೆ ಭಾನುವಾರಕ್ಕೆ ಸ್ವಾಗತ.' ಪಕ್ಕದಲ್ಲಿದ್ದ ಹುಡುಗ, 'ಮನೆವಾರ್ತೆ ಅಂದ್ರೆ ಅನೌನ್ಸ್‌ಮೆಂಟ್ ಅಲ್ವಾ ಅಂಕಲ್?' ಅಂದ. ಒಂದು ಪದಕ್ಕೆ ಒಂದೇ ದಿನ ಎರಡು ಪೆಟ್ಟು. ಫ್ಲೆಕ್ಸ್ ಪ್ಲಾಸ್ಟಿಕ್ಕಿನದು ಅನ್ನೋದನ್ನು ಸದ್ಯಕ್ಕೆ ಬಿಡೋಣ.

ಹುಡುಗನದು ತಪ್ಪಲ್ಲ. ವಾರ್ತೆ ಅಂದರೆ ಅವನು ಕೇಳಿರುವುದು ಸುದ್ದಿ ಮಾತ್ರ. ಆದರೆ ಈ ಪದಕ್ಕೆ ಹಳೆಯದೊಂದು ಅರ್ಥ ಇದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಲ್ಕು ವಿದ್ಯೆಗಳನ್ನು ಹೇಳುತ್ತಾರೆ, ಅದರಲ್ಲಿ ಒಂದು ವಾರ್ತೆ. ಅಲ್ಲಿ ಅದು ಸುದ್ದಿ ಅಲ್ಲ. ಬೇಸಾಯ, ದನ ಸಾಕುವುದು, ವ್ಯಾಪಾರ, ಈ ಮೂರೂ ಸೇರಿ ವಾರ್ತೆ. ಅಂದರೆ ಹೊಟ್ಟೆಪಾಡಿನ ವಿದ್ಯೆ. ನಾವು ದಿನಾ ಬಳಸುವ 'ವೃತ್ತಿ' ಇದಕ್ಕೆ ಹತ್ತಿರದ ನೆಂಟ. ಹಾಗಾಗಿ ಮನೆವಾರ್ತೆ ಅಂದರೆ ಮನೆ ನಡೆಸುವ ಕೆಲಸ. 'ಅತ್ತೆ ಹೋದಮೇಲೆ ಮನೆವಾರ್ತೆಯೆಲ್ಲ ದೊಡ್ಡ ಸೊಸೆದೇ' ಅನ್ನುವ ಮಾತಿನಲ್ಲಿ ಉಗ್ರಾಣದ ಬೀಗದ ಕೈ ಇದೆ, ಹಾಲಿನ ಲೆಕ್ಕ ಇದೆ, ಆಳಿನ ಕೂಲಿ ಇದೆ, ಮುಂದಿನ ಸುಗ್ಗಿವರೆಗೆ ಅಕ್ಕಿ ಸಾಕಾ ಅನ್ನುವ ಚಿಂತೆ ಇದೆ. ಮನೆ ಆ ಸೊಸೆಯ ಹೆಸರಿನಲ್ಲಿ ಇರೋದಿಲ್ಲ, ಅದನ್ನೂ ಗಮನಿಸಿ.

ಕನ್ನಡ ಬೈಬಲ್ ಮಾಡಿದವರು ಈ ಪದ ಆರಿಸಿದ್ದು ಸುಮ್ನೆ ಅಲ್ಲ. ಗ್ರೀಕ್ ಮೂಲದಲ್ಲಿರುವ ಪದ 'ಓಯ್ಕೊನೊಮೊಸ್'. ಓಯ್ಕೊಸ್ ಅಂದರೆ ಮನೆ. ಉಳಿದ ಅರ್ಧಕ್ಕೆ ಹಂಚುವುದು, ನೋಡಿಕೊಳ್ಳುವುದು ಎಂಬ ಅರ್ಥ. ಅಂಥವನು ಕನ್ನಡದಲ್ಲಿ ಮನೆವಾರ್ತೆಯವನು ಆದ. ಮನೆಗೆ ಮನೆ, ಕೆಲಸಕ್ಕೆ ಕೆಲಸ, ಇಷ್ಟು ಸರಿಯಾಗಿ ಕೂರುವ ಅನುವಾದ ಅಪರೂಪ. ಇಕಾನಮಿ ಹುಟ್ಟಿದ್ದೂ ಇದೇ ಗ್ರೀಕ್ ಪದದಿಂದ. 1866ರಲ್ಲಿ ಜರ್ಮನಿಯ ಎರ್ನ್ಸ್ಟ್ ಹೆಕೆಲ್ 'ಇಕಾಲಜಿ' (ಪರಿಸರಶಾಸ್ತ್ರ) ಎಂಬ ಪದ ಕಟ್ಟಿದಾಗ ತೆಗೆದುಕೊಂಡಿದ್ದೂ ಅದೇ ಓಯ್ಕೊಸ್ ಅನ್ನು. ಅಂದರೆ ಇಕಾಲಜಿ, ಮನೆವಾರ್ತೆ ಎರಡೂ ಪದಗಳ ಹಿಂದೆ ಒಂದೇ ಮನೆ. ಇಂಗ್ಲಿಷ್ ಬೈಬಲಿನಲ್ಲಿ ಮನೆವಾರ್ತೆಯವನಿಗೆ ಇರುವ ಪದ ಸ್ಟೂವರ್ಡ್, ಅವನೂ ಮನೆ ಕಾಯುವವನೇ. ಅದು ಹಂದಿಗೂಡು ಕಾಯುವವನು ಅಂತ ಚರ್ಚಿನ ಪ್ರಸಂಗದಲ್ಲಿ (ಪ್ರವಚನದಲ್ಲಿ) ತಮಾಷೆ ಮಾಡುವವರಿದ್ದಾರೆ. ಆ ಕಥೆ ಬಿಡಿ, ಆ ಪದದ ಮೊದಲ ಅರ್ಧವಾದ ಹಳೆಯ ಇಂಗ್ಲಿಷಿನ 'ಸ್ಟಿಗ್' ಇಲ್ಲಿ ಮನೆ, ಪಡಸಾಲೆ.

ಈಗ ಫ್ಲೆಕ್ಸಿನ ತಪ್ಪಿಗೆ ಬರೋಣ. ನನಗೆ ಜಾಸ್ತಿ ಕಿರಿಕಿರಿ ಇದರದೇ. ಬೈಬಲಿನ ಲೂಕನ ಸುವಾರ್ತೆಯ 16ನೇ ಅಧ್ಯಾಯದಲ್ಲಿ ಒಬ್ಬ ಮನೆವಾರ್ತೆಯವನ ಕಥೆ ಇದೆ. ಯಜಮಾನನ ಆಸ್ತಿ ಹಾಳು ಮಾಡಿದ ಅಂತ ದೂರು ಬರುತ್ತದೆ. ಯಜಮಾನ ಕರೆದು ಲೆಕ್ಕ ಒಪ್ಪಿಸು ಅನ್ನುತ್ತಾನೆ. ಇವನು ಸಾಲಗಾರರನ್ನು ಕರೆದು ನೂರು ಅಳತೆ ಎಣ್ಣೆಯನ್ನು ಐವತ್ತು ಅಂತ, ನೂರು ಅಳತೆ ಗೋದಿಯನ್ನು ಎಂಬತ್ತು ಅಂತ ಬರೆಸುತ್ತಾನೆ. ಕಥೆ ನಡೆಯುವುದೇ ಅವನು ಒಡೆಯ ಅಲ್ಲ ಅನ್ನುವುದರಿಂದ. ಒಡೆಯನಾಗಿದ್ದರೆ ಪತ್ರ ತಿದ್ದುವ ಪರದಾಟ ಯಾಕೆ?

'ಒಡೆಯರು' ಎಲ್ಲಿಂದ ಬಂತು ಅಂತ ಊಹಿಸಬಹುದು. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಮೊದಲ ಅಧ್ಯಾಯದಲ್ಲಿ, ಮನುಷ್ಯನಿಗೆ ಉಳಿದ ಜೀವಿಗಳ ಮೇಲೆ 'ದೊರೆತನ' ಎಂಬ ಮಾತಿದೆ. 1967ರಲ್ಲಿ ಲಿನ್ ವೈಟ್ ಎಂಬ ಇತಿಹಾಸಕಾರ, ಪ್ರಕೃತಿಯ ಇವತ್ತಿನ ಪಾಡಿಗೆ ಪಶ್ಚಿಮದ ಕ್ರೈಸ್ತರ ಇಂಥ ಓದೂ ಕಾರಣ ಅಂತ ಬರೆದರು. ಚರ್ಚುಗಳು ಅಂದಿನಿಂದ ಉತ್ತರ ಕೊಡುತ್ತಲೇ ಇವೆ. ಹೆಚ್ಚಿನವರು ಬೆರಳಿಟ್ಟು ತೋರಿಸುವುದು ಎರಡನೇ ಅಧ್ಯಾಯವನ್ನು. ಅಲ್ಲಿ ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ಗೇಯುವುದಕ್ಕೆ, ಕಾಯುವುದಕ್ಕೆ. 'ಗೇಯು' ಅನ್ನುವ ಜಾಗದಲ್ಲಿರುವ ಹೀಬ್ರೂ ಪದಕ್ಕೆ ಸೇವೆ ಮಾಡು ಅಂತಲೂ ಅರ್ಥ ಇದೆ. ಫ್ಲೆಕ್ಸ್ ಬರೆದವರು ಒಂದು ಹಾಳೆ ಮುಂದೆ ತಿರುಗಿಸಿದ್ದರೆ ಸಾಕಿತ್ತು.

ಇನ್ನೊಂದು ಗೊಂದಲ ಚರ್ಚಿನ ಸಭೆಯ ಒಳಗಿನದು. ಸ್ಟೂವರ್ಡ್‌ಶಿಪ್, ಅಂದರೆ ಮನೆವಾರ್ತೆ, ಅಂದ ಕೂಡಲೇ ಅರ್ಧ ಜನ ಜೇಬು ಮುಟ್ಟಿಕೊಳ್ಳುತ್ತಾರೆ. ಕಾಣಿಕೆ, ದಶಮಾಂಶದ (ಆದಾಯದ ಹತ್ತರಲ್ಲೊಂದು ಪಾಲು ಚರ್ಚಿಗೆ ಕೊಡುವುದು) ಪ್ರಸಂಗಗಳಲ್ಲೇ ಆ ಪದ ಕೇಳಿ ಕೇಳಿ ಹಾಗಾಗಿದೆ.

ಪದ ನೆಟ್ಟಗೆ ಬದುಕಿರುವುದನ್ನು ನೋಡಬೇಕಾದರೆ ಇಥಿಯೋಪಿಯಾದ ಉತ್ತರದ ಬೆಟ್ಟಸೀಮೆ ನೋಡಬೇಕು. ಸುತ್ತಲೂ ಬೋಳು ಹೊಲ, ನಡುವೆ ದುಂಡಗೆ ಒಂದು ತುಂಡು ಕಾಡು, ಕಾಡಿನ ನಡುವೆ ಆರ್ಥೊಡಾಕ್ಸ್ ಚರ್ಚು. ನಮ್ಮ ಕೊಡಗಿನ ದೇವರಕಾಡು ನೆನಪಾಗುತ್ತದೆ. ದನ ನುಗ್ಗಿ ಎಳೆಗಿಡ ತಿನ್ನುವುದು ದೊಡ್ಡ ಕಾಟವಾಗಿತ್ತು. ಅಲೆಮಾಯೆಹು ವಾಸ್ಸಿ ಎಂಬ ಅಲ್ಲಿನದೇ ವಿಜ್ಞಾನಿ ಪಾದ್ರಿಗಳ ಜೊತೆ ಸೇರಿ ಹಲವು ಕಾಡುಗಳಿಗೆ ಕಲ್ಲಿನ ಪಾಗಾರ ಹಾಕಿಸಿದರು. ಕಲ್ಲು ತಂದದ್ದು ರೈತರು, ಅವರವರ ಹೊಲದಿಂದಲೇ ಆರಿಸಿ. ಹೊಲವೂ ಹಸನಾಯಿತು, ಕಾಡಿಗೂ ಬೇಲಿ ಆಯಿತು.

ನಮ್ಮಲ್ಲೂ ಇಲ್ಲದೆ ಇಲ್ಲ. 1983ರಲ್ಲಿ ಪೋರ್ಚುಗಲ್ಲಿನಲ್ಲಿ ಶುರುವಾದ 'ಅ ರೋಶಾ' ಎಂಬ ಕ್ರೈಸ್ತ ಸಂಸ್ಥೆಯ ಭಾರತದ ಬಳಗ ಬನ್ನೇರುಘಟ್ಟದ ಕಾಡಂಚಿನಲ್ಲಿ ಆನೆ ಮತ್ತು ರೈತರ ತಂಟೆಯ ಮೇಲೆ ಕೆಲಸ ಮಾಡಿದೆ. ಈಗ ಹಲವು ಚರ್ಚುಗಳು ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ 'ಸೃಷ್ಟಿಯ ಕಾಲ' ಆಚರಿಸುತ್ತವೆ. ಕರಾವಳಿಯ ಕೊಂಕಣಿ ಕ್ರೈಸ್ತರ ಮೊಂತಿ ಹಬ್ಬ ಅದರ ನಡುವೆಯೇ, ಸೆಪ್ಟೆಂಬರ್ 8ಕ್ಕೆ ಬರುತ್ತದೆ. ಚರ್ಚಿನಲ್ಲಿ ಮಂತ್ರಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಹಂಚಿಕೊಳ್ಳುತ್ತಾರೆ. ಅಲ್ಲಿ ಯಾರೂ ಪರಿಸರ ಅನ್ನುವ ಪದವನ್ನೇ ಎತ್ತಬೇಕಾಗಿಲ್ಲ.

ಮನೆವಾರ್ತೆ ಹಳತಾಯಿತು, ಯುವಜನರಿಗೆ ತಿಳಿಯೋದಿಲ್ಲ ಅನ್ನುವವರು 'ಉಸ್ತುವಾರಿ' ಅನ್ನಲಿ, ನನ್ನ ತಕರಾರಿಲ್ಲ. ಜಿಲ್ಲಾ ಉಸ್ತುವಾರಿ ಸಚಿವರನ್ನು ಯಾರೂ ಜಿಲ್ಲೆಯ ಒಡೆಯರು ಅಂದುಕೊಳ್ಳುವುದಿಲ್ಲ. ಕೆಲವು ಸಚಿವರು ಹಾಗೆ ಅಂದುಕೊಂಡಿರಬಹುದು, ಅದು ಬೇರೆ ಮಾತು.