ಕ್ಯೂ ಜ್ವರದ ರಕ್ತಪರೀಕ್ಷೆ: ಒಂದು ಟೈಟರ್ ಏಕೆ ಸಾಲದು

ಕ್ಯೂ ಜ್ವರ ದನ, ಕುರಿ, ಮೇಕೆಗಳಿಂದ ಮನುಷ್ಯರಿಗೆ ತಗಲುವ ಬ್ಯಾಕ್ಟೀರಿಯಾ ಸೋಂಕು. 1935ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಕಸಾಯಿಖಾನೆ ಕಾರ್ಮಿಕರು ಜ್ವರದಿಂದ ಒಬ್ಬೊಬ್ಬರಾಗಿ ಮಲಗಿದರು. ಡಾ. ಎಡ್ವರ್ಡ್ ಡೆರಿಕ್ ಈ ಕಾರ್ಮಿಕರ ರಕ್ತವನ್ನು ಗಿನಿಪಿಗ್‌ಗಳಿಗೆ ಚುಚ್ಚಿದಾಗ ಅವಕ್ಕೂ ಜ್ವರ ಬಂತು; ರೋಗಾಣು ಮಾತ್ರ ಕಣ್ಣಿಗೆ ಬೀಳಲಿಲ್ಲ. ಅದನ್ನು ಕಂಡುಹಿಡಿದವರು ಮೆಲ್ಬರ್ನ್‌ನ ಬರ್ನೆಟ್ ಮತ್ತು ಫ್ರೀಮನ್. ಅಮೆರಿಕದ ಮೊಂಟಾನಾದಲ್ಲಿ ಕಾಕ್ಸ್ ಮತ್ತು ಡೇವಿಸ್ ಉಣುಗುಗಳಿಂದ ಬೇರ್ಪಡಿಸಿದ್ದೂ ಅದನ್ನೇ. ಕಾಕ್ಸಿಯೆಲ್ಲಾ ಬರ್ನೆಟೈ ಎಂಬ ಈ ಬ್ಯಾಕ್ಟೀರಿಯಾವನ್ನು ಬೆಳೆಸಲು ಹೋದ ಪ್ರಯೋಗಾಲಯದವರೇ ಕಾಯಿಲೆ ಬೀಳುವ ಅಪಾಯವಿದೆ. ಹಾಗಾಗಿ ಪತ್ತೆಯ ಭಾರ ಮೊದಲಿನಿಂದಲೂ, ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳ ಮೇಲೆ ಬಿತ್ತು. ಸೀರಂ ಅನ್ನು (ರಕ್ತದ ತಿಳಿಭಾಗವನ್ನು) ಎಷ್ಟು ಪಟ್ಟು ತೆಳುಗೊಳಿಸಿದರೂ ಅವು ಕಾಣುತ್ತವೆ ಎಂಬ ಅಳತೆಯೇ ಟೈಟರ್.

1956ರಲ್ಲಿ ಸ್ಟೋಕರ್ ಮತ್ತು ಫಿಸೆಟ್ ಇದರ ಎರಡು ರೂಪಗಳನ್ನು ವಿವರಿಸಿದರು. ಪ್ರಾಣಿಯಿಂದ ಬಂದದ್ದು ಫೇಸ್ 1. ಕೋಳಿಮೊಟ್ಟೆಯಲ್ಲಿ ಮತ್ತೆ ಮತ್ತೆ ಬೆಳೆಸಿದಾಗ ಉಳಿಯುವುದು ಫೇಸ್ 2. ಸೋಜಿಗವೆಂದರೆ, ಹೊಸ ಸೋಂಕಿನಲ್ಲಿ ಮೊದಲು ಏರುವುದು ಫೇಸ್ 2ರ ಪ್ರತಿಕಾಯ. ಫೇಸ್ 1 ಐಜಿಜಿ (ದೀರ್ಘಕಾಲ ಉಳಿಯುವ ಬಗೆಯ ಪ್ರತಿಕಾಯ) ತಿಂಗಳುಗಟ್ಟಲೆ ಮೇಲೆಯೇ ನಿಂತರೆ ಸೋಂಕು ಹೃದಯದ ಕವಾಟದಲ್ಲೋ ರಕ್ತನಾಳದಲ್ಲೋ ಬೇರೂರಿದೆಯೇ ಎಂದು ನೋಡಬೇಕು. 1:800 ಮೀರಿದ ಫೇಸ್ 1 ಟೈಟರ್, ಹೃದಯದ ಒಳಪದರದ ಸೋಂಕನ್ನು ಗುರುತಿಸುವ ಡ್ಯೂಕ್ ಮಾನದಂಡಗಳಲ್ಲಿ ಸೇರಿದೆ.

ಜ್ವರ ಬಂದ ಮೊದಲ ವಾರ ತೆಗೆದ ಸೀರಂ ನೆಗೆಟಿವ್ ಬಂದರೆ ಕ್ಯೂ ಜ್ವರವಲ್ಲ ಎಂದುಕೊಳ್ಳುವುದೇ ಸಾಮಾನ್ಯ ಎಡವಟ್ಟು. ಆಗ ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ. ಆ್ಯಂಟಿಬಯಾಟಿಕ್‌ಗೆ ಮುಂಚೆ ತೆಗೆದ ರಕ್ತದ ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಹೆಚ್ಚು ಉಪಯುಕ್ತ. ಮೂರರಿಂದ ಆರು ವಾರ ಬಿಟ್ಟು ಎರಡನೇ ಸೀರಂ ತೆಗೆದು, ಎರಡನ್ನೂ ಒಂದೇ ಲ್ಯಾಬಿನಲ್ಲಿ, ಒಟ್ಟಿಗೇ ಪರೀಕ್ಷಿಸಬೇಕು. ಫೇಸ್ 2 ಐಜಿಜಿ 1:64ರಿಂದ 1:256ಕ್ಕೆ ಏರಿದರೆ ನಾಲ್ಕುಪಟ್ಟು, ಅಂದರೆ ಸೋಂಕು ಖಚಿತ. 1:128ಕ್ಕೆ ನಿಂತರೆ ಅದು ಪರೀಕ್ಷೆಯ ಸಹಜ ಏರುಪೇರೂ ಇರಬಹುದು. ಐಜಿಎಂ (ಸೋಂಕಿನ ಆರಂಭದಲ್ಲಿ ಹುಟ್ಟುವ ಬಗೆಯ ಪ್ರತಿಕಾಯ) ಒಂದನ್ನೇ ನಂಬಬಾರದು: ಅದು ತಿಂಗಳುಗಟ್ಟಲೆ ಉಳಿಯುತ್ತದೆ, ರುಮಟಾಯ್ಡ್ ಫ್ಯಾಕ್ಟರ್ (ಸಂಧಿವಾತದವರಲ್ಲಿ ಕಾಣುವ ಪ್ರತಿಕಾಯ) ಇದ್ದರೆ ಸುಳ್ಳು ಪಾಸಿಟಿವ್ ಬರಬಹುದು. ಇಷ್ಟಕ್ಕೂ ಇದರ ಆ್ಯಂಟಿಬಯಾಟಿಕ್ ಡಾಕ್ಸಿಸೈಕ್ಲಿನ್ ಶುರುಮಾಡಲು ವರದಿಗೆ ಕಾಯಬೇಕಿಲ್ಲ.

ದನ, ಕುರಿ, ಮೇಕೆಗಳ ಲೆಕ್ಕ ಇನ್ನೂ ತೊಡಕಿನದು. ಪ್ರತಿಕಾಯ ಹುಡುಕುವ ಹಳೆಯ ಕಾಂಪ್ಲಿಮೆಂಟ್ ಫಿಕ್ಸೇಶನ್ ಪರೀಕ್ಷೆ ಅನೇಕ ಸೋಂಕುಗಳನ್ನು ಬಿಟ್ಟುಬಿಡುತ್ತಿತ್ತು, ಅದೇ ಕೆಲಸದ ಹೊಸ ಪರೀಕ್ಷೆ ಎಲಿಸಾ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಎರಡು ಕಾಲದ ಶೇಕಡಾವಾರುಗಳನ್ನು ಪಕ್ಕಪಕ್ಕ ಇಟ್ಟು 'ರೋಗ ಹೆಚ್ಚಿದೆ' ಎನ್ನುವುದು ತಪ್ಪಾಗಬಹುದು. ಎಲಿಸಾ ಕೂಡ ಹಿಂಡಿನ ಕಥೆ ಹೇಳುತ್ತದೆಯೇ ಹೊರತು ಒಂದು ಮೇಕೆಯದ್ದಲ್ಲ. ಪ್ರತಿಕಾಯವಿಲ್ಲದ ಮೇಕೆಯೂ ರೋಗಾಣು ಹೊರಹಾಕಬಲ್ಲದು. ಪ್ರತಿಕಾಯವಿದ್ದದ್ದು ಹೊರಹಾಕದೆಯೂ ಇರಬಹುದು. ಕಂದು ಹಾಕಿದ (ಗರ್ಭಪಾತವಾದ) ಹಿಂಡಿನಲ್ಲಿ ಮಾಸು ಅಥವಾ ಯೋನಿಸ್ರಾವದ ಪಿಸಿಆರ್ ಬೇಕೇ ಬೇಕು. ಒಂದು ಗ್ರಾಂ ಮಾಸಿನಲ್ಲಿ ನೂರು ಕೋಟಿ ಬ್ಯಾಕ್ಟೀರಿಯಾ ಇರಬಹುದು. ಅದನ್ನು ಬರಿಗೈಯಲ್ಲಿ, ಮಾಸ್ಕ್ ಇಲ್ಲದೆ ಮುಟ್ಟಬಾರದು.

ನೆದರ್ಲೆಂಡ್ಸ್ ಈ ಪಾಠಕ್ಕೆ ದುಬಾರಿ ಬೆಲೆ ತೆತ್ತಿತು. ಹಾಲಿನ ಮೇಕೆಗಳು 2005ರಿಂದಲೇ ಕಂದು ಹಾಕುತ್ತಿದ್ದವು. 2007–10ರಲ್ಲಿ 4,000ಕ್ಕೂ ಹೆಚ್ಚು ಜನರಲ್ಲಿ ರೋಗ ದಾಖಲಾಯಿತು. ಲಕ್ಷಣವಿಲ್ಲದ ಸೋಂಕುಗಳು ಅದರ ಎಷ್ಟೋ ಪಟ್ಟು. 2009ರ ಅಕ್ಟೋಬರ್‌ನಿಂದ ಫಾರಂಗಳ ಟ್ಯಾಂಕ್ ಹಾಲಿನ ಪಿಸಿಆರ್ ಕಡ್ಡಾಯವಾಯಿತು. ಡಿಸೆಂಬರ್‌ನಿಂದ ಸೋಂಕಿತ ಫಾರಂಗಳ ಗಬ್ಬದ ಮೇಕೆಗಳನ್ನು, ಲಸಿಕೆ ಹಾಕಿದ್ದರೂ ಬಿಡದೆ, ಕೊಲ್ಲಲಾಯಿತು. ಒಟ್ಟು 50,000 ದಾಟಿತು.

ಆಸ್ಟ್ರೇಲಿಯಾದಲ್ಲಿ ಹಳೆಯ ಸೋಂಕಿನ ಗುರುತೇ ಮುಖ್ಯ. ಅಲ್ಲಿ 1989ರಿಂದ ಮನುಷ್ಯರಿಗೆ ಕ್ಯೂ-ವ್ಯಾಕ್ಸ್ ಲಸಿಕೆಯಿದೆ. ಹಿಂದೆ ಸೋಂಕು ತಗುಲಿದವರಿಗೆ ಅದನ್ನು ಕೊಟ್ಟರೆ ಚುಚ್ಚಿದ ಜಾಗದಲ್ಲಿ ತೀವ್ರ ಪ್ರತಿಕ್ರಿಯೆ ಆಗಬಹುದು. ಆದ್ದರಿಂದ ಮೊದಲು ರಕ್ತ ತೆಗೆದು, ಚರ್ಮದೊಳಗೆ 0.1 ಮಿ.ಲೀ. ತೆಳುಗೊಳಿಸಿದ ಲಸಿಕೆ ಚುಚ್ಚಿ, ಏಳನೇ ದಿನ ನೋಡುತ್ತಾರೆ. ಎರಡರಲ್ಲಿ ಒಂದು ಪಾಸಿಟಿವ್ ಬಂದರೂ ಲಸಿಕೆ ಇಲ್ಲ.