ಸೋಲಾರ್ ಶೇರು ತೆಗೊಳ್ಳಬಹುದಾ?

ಆದಾಯ ತೆರಿಗೆಯ ರಿಟರ್ನ್ ತುಂಬುವ ಕಾಲದಲ್ಲಿ ನನ್ನ ಕಚೇರಿಗೆ ಬರುವವರಿಗೆ ಒಂದು ಅಭ್ಯಾಸ ಉಂಟು. ಕಾಗದ ಪತ್ರ ಕೊಟ್ಟು, ಚಾ ಕುಡಿದು, ಎದ್ದು ಬಾಗಿಲ ತನಕ ಹೋಗುತ್ತಾರೆ. ಅಲ್ಲಿಂದ ತಿರುಗಿ, "ಮತ್ತೊಂದು ವಿಷಯ ಕೇಳ್ಲಿಕ್ಕುಂಟಿತ್ತು" ಎನ್ನುತ್ತಾರೆ. ಮೊದಲೆಲ್ಲ ಅದು ಜಾಗದ ವಿಷಯ, ಇಲ್ಲವೇ ಗಲ್ಫಿನಿಂದ ಮಗ ಕಳಿಸುವ ಹಣದ ವಿಷಯ ಆಗಿರುತ್ತಿತ್ತು. ಈಗ ಕೆಲವು ವರ್ಷಗಳಿಂದ ಒಂದೇ ಪ್ರಶ್ನೆ. "ಈ ಸೋಲಾರ್ ಶೇರು, ಎಲೆಕ್ಟ್ರಿಕ್ ಗಾಡಿಯ ಶೇರು ತೆಗೊಳ್ಳಬಹುದಾ? ಇನ್ನು ಮುಂದೆ ಎಲ್ಲ ಅದೇ ಅಲ್ವಾ?"

ಇನ್ನು ಮುಂದೆ ಎಲ್ಲ ಅದೇ. ಒಪ್ಪಿದೆ. ಕಾಸರಗೋಡಿನ ಪೇಟೆಯಲ್ಲೇ ಕರೆಂಟಿನ ಆಟೋ ಓಡುತ್ತಿದೆ. ಕೇರಳದ ವಿದ್ಯುತ್ ಮಂಡಳಿ ಕೆ.ಎಸ್.ಇ.ಬಿ.ಯವರು ಆಟೋ, ಸ್ಕೂಟರುಗಳಿಗೆಂದು ಕಂಬಗಳಿಗೇ ಚಾರ್ಜಿಂಗ್ ಪೆಟ್ಟಿಗೆ ಕಟ್ಟಿದ್ದಾರೆ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳಲ್ಲಿ ಸುಮಾರು 250 ಎಕ್ರೆಯಲ್ಲಿ 50 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದಿದೆ. 2021ರ ಫೆಬ್ರವರಿಯಲ್ಲಿ ಪ್ರಧಾನಿಯೇ ಅದನ್ನು ಉದ್ಘಾಟಿಸಿದರು. ಇದೆಲ್ಲ ಬರುತ್ತದೋ ಇಲ್ಲವೋ ಎಂಬ ವಾದವೇ ನನಗಿಲ್ಲ. ನನ್ನ ತಕರಾರು ಏನೆಂದರೆ, ಅದು ನೀವು ಕೇಳಿದ ಪ್ರಶ್ನೆಗೆ ಉತ್ತರವೇ ಅಲ್ಲ. ಒಂದು ಉದ್ಯಮ ಬೆಳೆಯುತ್ತದಾ ಎಂಬುದು ಒಂದು ಪ್ರಶ್ನೆ. ಅದರ ಶೇರನ್ನು ಇವತ್ತಿನ ಬೆಲೆಗೆ ಕೊಂಡರೆ ನನಗೆ ದುಡ್ಡಾಗುತ್ತದಾ ಎಂಬುದು ಬೇರೆಯೇ ಪ್ರಶ್ನೆ. ನೂರು ಸಲ ಹೇಳಿದರೂ ಜನ ಎರಡನ್ನೂ ಒಂದೇ ಮಾಡುತ್ತಾರೆ. ಓದಿದವರೇ ಜಾಸ್ತಿ ಮಾಡುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಲೆಕ್ಕ ನೋಡುವವನು. ಯಾವ ಶೇರು ತೆಗೊಳ್ಳಿ, ಯಾವುದು ಬೇಡ ಎಂದು ಹೇಳುವುದು ನನ್ನ ಕೆಲಸ ಅಲ್ಲ. ಅದಕ್ಕೆ ಶೇರು ಪೇಟೆಯ ಮೇಲೆ ಕಣ್ಣಿಡುವ ಸರಕಾರಿ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿಕೊಂಡ ಸಲಹೆಗಾರರು ಇದ್ದಾರೆ. ಕೆಳಗೆ ಕೆಲವು ಕಂಪೆನಿಗಳ ಹೆಸರು ಬರುತ್ತದೆ. ಅದು ಹಳೆಯ ಕಥೆ ಹೇಳಲಿಕ್ಕೆ ಮಾತ್ರ. ನಾಳೆ ಅವು ಏರುತ್ತವೋ ಇಳಿಯುತ್ತವೋ ಎಂದು ನನ್ನನ್ನು ಹಿಡಿಯಬೇಡಿ.

ಸುಜ್ಲಾನ್ ನೋಡಿ. ಗಾಳಿಯಂತ್ರ ಮಾಡುವ ಕಂಪೆನಿ, 2005ರಲ್ಲಿ ಶೇರು ಪೇಟೆಗೆ ಬಂತು. 2008ರ ಜನವರಿಯಲ್ಲಿ ಶೇರಿನ ಬೆಲೆ ನಾನ್ನೂರು ದಾಟಿತ್ತು. ಆಗ ಕೊಂಡವರು ಏನು ಯೋಚಿಸಿದ್ದರು? ದೇಶದಲ್ಲಿ ಪವನ ವಿದ್ಯುತ್ ಬೆಳೆಯುತ್ತದೆ ಎಂದು. ಅವರ ಲೆಕ್ಕ ತಪ್ಪಲಿಲ್ಲ. ಮುಂದಿನ ಹನ್ನೆರಡು ವರ್ಷಗಳಲ್ಲಿ ಭಾರತದ ಪವನ ವಿದ್ಯುತ್ ಸಾಮರ್ಥ್ಯ ಸುಮಾರು ನಾಲ್ಕು ಪಟ್ಟಾಯಿತು. ಶೇರು? 2020ರಲ್ಲಿ ಎರಡು ರೂಪಾಯಿಗಿಂತಲೂ ಕೆಳಗೆ ಹೋಯಿತು. ಕಂಪೆನಿ ಜರ್ಮನಿಯ ದೊಡ್ಡ ಕಂಪೆನಿಯೊಂದನ್ನು ಕೊಂಡಿತ್ತು, ಸಾಲ ಬೆಳೆದಿತ್ತು. 2012ರಲ್ಲಿ ವಿದೇಶಿ ಬಾಂಡುಗಳ ಹಣವನ್ನು ಹೊತ್ತಿಗೆ ಸರಿಯಾಗಿ ಕೊಡಲಿಕ್ಕಾಗಲಿಲ್ಲ. ಆಮೇಲೆ ಅದು ಚೇತರಿಸಿಕೊಂಡಿತು, 2024ರಲ್ಲಿ ಎಂಬತ್ತು ರೂಪಾಯಿ ದಾಟಿತು. ಎರಡು ರೂಪಾಯಿಗೆ ಕೊಂಡವನಿಗೆ ಅದು ಹಬ್ಬ. ನಾನ್ನೂರಕ್ಕೆ ಕೊಂಡವನು ಹದಿನಾರು ವರ್ಷ ಕಾದರೂ ಅಸಲಿನ ಹತ್ತಿರ ಬಂದಿಲ್ಲ. ಕಂಪೆನಿ ಅದೇ, ಗಾಳಿಯೂ ಅದೇ. ಕೊಟ್ಟ ಬೆಲೆ ಮಾತ್ರ ಬೇರೆ.

ಸಾಲ ಇಲ್ಲದ, ಎಲ್ಲವೂ ಸರಿ ಇರುವ ಕಂಪೆನಿಯಾದರೆ? ಇದನ್ನು ನಾನು ಕಚೇರಿಯಲ್ಲಿ ಹಳೇ ಕವರಿನ ಹಿಂದೆ ಬರೆದು ತೋರಿಸುತ್ತೇನೆ. ಒಂದು ಶೇರಿಗೆ ಕಂಪೆನಿಯ ಲಾಭ ವರ್ಷಕ್ಕೆ 5 ರೂಪಾಯಿ ಅಂತ ಇಟ್ಟುಕೊಳ್ಳಿ. ಪೇಟೆಯಲ್ಲಿ ಆ ಶೇರಿಗೆ 500 ರೂಪಾಯಿ. ಅಂದರೆ ಲಾಭದ ನೂರು ಪಟ್ಟು. ಯಾಕೆ ಅಷ್ಟು? ಇದು ಬೆಳೆಯುವ ಉದ್ಯಮ ಎಂದು ನಿಮ್ಮ ಹಾಗೇ ಎಲ್ಲರಿಗೂ ಗೊತ್ತಿರುವುದರಿಂದ. ಈಗ ಎಂಟು ವರ್ಷ ಹೋಯಿತು. ನೀವು ಹೇಳಿದ್ದೇ ಆಯಿತು. ಲಾಭ ನಾಲ್ಕು ಪಟ್ಟಾಗಿ 20 ರೂಪಾಯಿಗೆ ಬಂತು. ಅಷ್ಟರಲ್ಲಿ ಬೆಳವಣಿಗೆಯ ಆರಂಭದ ಬಿಸಿ ಇಳಿದಿದೆ. ಜನ ಈಗ ಲಾಭದ ಇಪ್ಪತ್ತು ಪಟ್ಟು ಮಾತ್ರ ಕೊಡುತ್ತಾರೆ. ಇಪ್ಪತ್ತು ಇಪ್ಪತ್ಲಿ ನಾನ್ನೂರು. ನೀವು ಐನೂರು ಕೊಟ್ಟಿದ್ದೀರಿ! ಕಂಪೆನಿ ಗೆದ್ದಿದೆ, ನಿಮ್ಮ ಭವಿಷ್ಯವಾಣಿ ಗೆದ್ದಿದೆ, ನಿಮ್ಮ ಕೈಯಿಂದ ನೂರು ರೂಪಾಯಿ ಹೋಗಿದೆ. ಆ ಎಂಟು ವರ್ಷದ ಬ್ಯಾಂಕ್ ಬಡ್ಡಿಯೂ ಹೋಗಿದೆ.

ಇಲ್ಲಿಗೆ ಬಂದಾಗ ಎದುರಿನವರು ತಲೆ ಆಡಿಸುತ್ತಾರೆ. ಎರಡು ನಿಮಿಷ ಬಿಟ್ಟು, "ಅಲ್ಲ, ಆದ್ರೂ ಮುಂದೆ ಎಲ್ಲ ಕರೆಂಟೇ ಅಲ್ವಾ ಆಡಿಟ್ರೇ?" ಎನ್ನುತ್ತಾರೆ.

ನಮ್ಮ ಊರಿನವರಿಗಾದರೂ ಇದು ಬೇಗ ಅರ್ಥ ಆಗಬೇಕಿತ್ತು. ವೆನಿಲ್ಲಾ ಮರೆತುಹೋಯಿತಾ? 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿನ ಬಳ್ಳಿ ಹಾಳಾಯಿತು. ಮೂರು ವರ್ಷದೊಳಗೆ ಇಲ್ಲಿ ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಬಂತು. ಅಡಿಕೆ ತೋಟದ ನಡುವೆಲ್ಲ ಬಳ್ಳಿ ಹಬ್ಬಿಸಿದೆವು. ಬೆಳಗ್ಗೆ ಬೇಗ ಎದ್ದು ಒಂದೊಂದೇ ಹೂವಿಗೆ ಕಡ್ಡಿಯಲ್ಲಿ ಪರಾಗ ಮುಟ್ಟಿಸಿದೆವು. ರಾತ್ರಿ ಕಳ್ಳರಿಗೆ ಹೆದರಿ ಕಾವಲು ಕೂತವರೂ ಇದ್ದರು. ಬಳ್ಳಿಯ ತುಂಡನ್ನೇ ದುಬಾರಿ ಬೆಲೆಗೆ ಕೊಂಡವರ ತೋಟದಲ್ಲಿ ಕೋಡು ಆಗುವಷ್ಟರಲ್ಲಿ ದರ ನೆಲಕ್ಕೆ ಬಿದ್ದಿತ್ತು. ಜಗತ್ತಿನಲ್ಲಿ ಐಸ್‌ಕ್ರೀಮ್ ತಿನ್ನುವವರೇನೂ ಕಡಿಮೆ ಆಗಿರಲಿಲ್ಲ.

ಒಬ್ಬರು ಮಾಷ್ಟ್ರು ಇದ್ದಾರೆ, ನಿವೃತ್ತರು, ಪೈವಳಿಕೆ ಕಡೆಯವರು. ಬಹಳ ಪ್ರೀತಿಯ ಮನುಷ್ಯ. ಬರುವಾಗ ಹಲಸಿನ ಹಪ್ಪಳ ತಾರದೆ ಬರುವುದಿಲ್ಲ. ಅವರ ವಾದ ಬೇರೆಯೇ. "ಯಾವ್ಯಾವುದೋ ಕಂಪೆನಿ ನನಗೆ ಬೇಡ. ನಮ್ಮ ಪೈವಳಿಕೆಯದ್ದೇ ಶೇರು ಕೊಡಿಸಿ. ಅಲ್ಲಿ ಕರೆಂಟ್ ಆಗುವುದನ್ನು ನಾನು ಕಣ್ಣಾರೆ ನೋಡ್ತೇನೆ." ಒಳ್ಳೆಯ ಮಾತೇ. ಗೊತ್ತಿರುವುದಕ್ಕೇ ಹಣ ಹಾಕಬೇಕು ಎಂಬುದು ಅವರ ಲೆಕ್ಕ. ಆದರೆ ಆ ಪಾರ್ಕ್ ಟಿ.ಎಚ್.ಡಿ.ಸಿ.ಯದ್ದು, ಉತ್ತರಾಖಂಡದಲ್ಲಿ ತೆಹ್ರಿ ಅಣೆಕಟ್ಟು ಕಟ್ಟಿದ ಕಂಪೆನಿ. ಅದರ ಶೇರು ಪೇಟೆಯಲ್ಲಿ ಇಲ್ಲ. 2020ರಲ್ಲಿ ಅದರಲ್ಲಿದ್ದ ಕೇಂದ್ರ ಸರಕಾರದ ಪಾಲನ್ನು ಸರಕಾರದ್ದೇ ದೊಡ್ಡ ವಿದ್ಯುತ್ ಕಂಪೆನಿ ಎನ್.ಟಿ.ಪಿ.ಸಿ. ಕೊಂಡಿತು. ಹಾಗಾಗಿ ಪೈವಳಿಕೆಯ ಬಿಸಿಲಿನಲ್ಲಿ ಪಾಲು ಬೇಕಾದರೆ ಮಾಷ್ಟ್ರು ಎನ್.ಟಿ.ಪಿ.ಸಿ. ಶೇರು ಕೊಳ್ಳಬೇಕು. ಎನ್.ಟಿ.ಪಿ.ಸಿ.ಯ ಕರೆಂಟಿನಲ್ಲಿ ಹೆಚ್ಚಿನದ್ದು ಕಲ್ಲಿದ್ದಲಿನದ್ದು! ಇದನ್ನು ಹೇಳಿದಾಗ ಮಾಷ್ಟ್ರಿಗೆ ನನ್ನ ಮೇಲೆಯೇ ಸಿಟ್ಟು ಬಂತು.

ಇನ್ನೂ ಒಂದು ಉಂಟು. ಇಂಥ ಸ್ಥಾವರಗಳ ಕರೆಂಟಿಗೆ ಸಾಮಾನ್ಯವಾಗಿ 25 ವರ್ಷಕ್ಕೆ ಒಂದೇ ದರದ ಒಪ್ಪಂದ ಇರುತ್ತದೆ. ದರವನ್ನು ಹರಾಜಿನಲ್ಲಿ ಇಳಿಸಿ ಇಳಿಸಿ ಹಿಡಿಯುತ್ತಾರೆ. 2010ರ ಹೊತ್ತಿಗೆ ಸೋಲಾರ್ ಕರೆಂಟಿನ ಬಿಡ್ ಯೂನಿಟಿಗೆ ಹತ್ತು ರೂಪಾಯಿಗಿಂತ ಮೇಲಿತ್ತು. 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 1.99 ರೂಪಾಯಿಗೆ ಬಂತು. ಪೇಪರಿನಲ್ಲಿ ಇದನ್ನು ಸೋಲಾರಿನ ಗೆಲುವು ಎಂದು ಬರೆದರು, ಸರಿಯೇ. ಗೆದ್ದವರು ಕರೆಂಟ್ ಕೊಳ್ಳುವವರು. ಮಾರುವವನ ಪೆಟ್ಟಿಗೆಗೆ ಎಷ್ಟು ಬಿತ್ತು ಎಂದು ಶೇರು ಕೊಳ್ಳುವವನು ಕೇಳಬೇಡವೇ?

ಗಾಡಿಯದ್ದೂ ಹಾಗೆಯೇ, ಹೆಚ್ಚು ಹೇಳುವುದಿಲ್ಲ. ಓಲಾ ಎಲೆಕ್ಟ್ರಿಕ್ 2024ರ ಆಗಸ್ಟಿನಲ್ಲಿ 76 ರೂಪಾಯಿಗೆ ಶೇರು ಹಂಚಿತು. ಅದೇ ತಿಂಗಳಲ್ಲಿ 150 ದಾಟಿತು. ಆಗ ಎಷ್ಟು ಜನ ನನಗೆ ಫೋನ್ ಮಾಡಿದರು! ಮುಂದಿನ ವರ್ಷ ಶೇರು ಐವತ್ತಕ್ಕಿಂತ ಕೆಳಗೆ ಬಂತು. ಕರೆಂಟಿನ ಸ್ಕೂಟರು ಓಡಿಸುವವರು ಆ ಹೊತ್ತಿಗೆ ಇನ್ನೂ ಹೆಚ್ಚಾಗಿದ್ದರು. ಟಿ.ವಿ.ಎಸ್., ಬಜಾಜ್ ಎರಡೂ ಮುಂದೆ ಬಂದಿದ್ದವು. ಎಲ್ಲರೂ ನುಗ್ಗುವ ಕಡೆ ಬೆಲೆ ಇಳಿಯುತ್ತದೆ, ಗಾಡಿ ಕೊಳ್ಳುವವನಿಗೆ ಲಾಭ ಆಗುತ್ತದೆ. ನನ್ನ ಕಚೇರಿ ಎದುರಿನ ಸ್ಟ್ಯಾಂಡಿನ ಆಟೋ ಚಾಲಕರೊಬ್ಬರು ಡೀಸೆಲ್ ಬಿಟ್ಟು ಕರೆಂಟಿಗೆ ಬಂದಿದ್ದಾರೆ, ಖುಷಿಯಾಗಿದ್ದಾರೆ. ಈ ಕ್ರಾಂತಿಯಿಂದ ನಿಜವಾಗಿ ಹಣ ಉಳಿಸಿದವರು ಯಾರು ಎಂದು ಕೇಳಿದರೆ ನಾನು ಅವರನ್ನೇ ತೋರಿಸುತ್ತೇನೆ. ಅವರ ಹತ್ತಿರ ಒಂದು ಶೇರೂ ಇಲ್ಲ.

ಹಾಗಾದರೆ ಏನೂ ಮಾಡುವುದು ಬೇಡವಾ ಎಂದು ಕೇಳುತ್ತಾರೆ. ಮಾಡಿ. ನಿಮ್ಮ ಮನೆಯ ಮಾಡನ್ನೇ ಮೊದಲು ನೋಡಿ. ಮಾಡಿನ ಮೇಲೆ ಸೋಲಾರ್ ಹಾಕಿಸುವವರಿಗೆ ಕೇಂದ್ರದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಉಂಟು. ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟಿನ ಹತ್ತಿರ ಕೊಡುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಅಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಕೇರಳದಲ್ಲಿ ತಿಂಗಳಿಗೆ 250 ಯೂನಿಟ್ ದಾಟಿದವರಿಗೆ ಇಡೀ ಬಿಲ್ಲಿಗೇ ಮೇಲಿನ ದರ ಬೀಳುತ್ತದೆ. ಹಾಗಾಗಿ ಪಂಪು, ಏಸಿ ಎಲ್ಲ ಇರುವ ಮನೆಯವರಿಗೆ ಲೆಕ್ಕ ಬೇಗ ಕೂಡಿಬರುತ್ತದೆ. ಎರಡು ಫ್ಯಾನಿನ ಮನೆಗೆ ಬಹುಶಃ ಬೇಡ. ನಾವು ಲೈನಿಗೆ ಕೊಟ್ಟ ಕರೆಂಟನ್ನೂ ಲೆಕ್ಕ ಹಿಡಿಯುವ ನೆಟ್ ಮೀಟರಿನ ನಿಯಮ ಬದಲಾಗುತ್ತಿರುತ್ತದೆ. ಏಜೆಂಟ್ ಹೇಳಿದ್ದನ್ನು ನಂಬಿ ಸಹಿ ಹಾಕಬೇಡಿ, ಕೆ.ಎಸ್.ಇ.ಬಿ.ಯ ಸೆಕ್ಷನ್ ಆಫೀಸಿನಲ್ಲೇ ಕೇಳಿ. ಉಳಿತಾಯವಾದ ಬಿಲ್ಲಿಗೆ ಆದಾಯ ತೆರಿಗೆ ಇಲ್ಲ. ಇದನ್ನು ಹೇಳಿದರೆ ಮಾತ್ರ ಎಲ್ಲರ ಮುಖ ಅರಳುತ್ತದೆ.

ಶೇರೇ ಬೇಕು ಎನ್ನುವವರನ್ನು ನಾನು ತಡೆಯುವುದಿಲ್ಲ. ಲಾಭದ ಎಷ್ಟು ಪಟ್ಟು ಕೊಡುತ್ತಿದ್ದೀರಿ, ಕಂಪೆನಿಗೆ ಸಾಲ ಎಷ್ಟು, ಇಷ್ಟನ್ನು ಕಾಗದದಲ್ಲಿ ಬರೆದು ತನ್ನಿ ಎನ್ನುತ್ತೇನೆ. ತಂದವರು ಕಡಿಮೆ. ಮಗಳ ಮದುವೆಗೆ ಇಟ್ಟದ್ದು, ಅಡಿಕೆ ಸಾಲ ತೀರಿಸಲಿಕ್ಕೆ ಇಟ್ಟದ್ದು ಇದಕ್ಕೆ ಬೇಡವೇ ಬೇಡ.

ಈಗಾಗಲೇ ಕೊಂಡು, ನಷ್ಟದಲ್ಲಿ ಮಾರಿದವರಿಗೆ ಒಂದು ಮಾತು. ಆ ನಷ್ಟವನ್ನು ಸಂಬಳದಿಂದಾಗಲೀ ಪೆನ್ಶನಿನಿಂದಾಗಲೀ ಕಳೆಯಲಿಕ್ಕೆ ಬರುವುದಿಲ್ಲ. ಮಾಷ್ಟ್ರೇ, ನಿಮಗೂ ಹೇಳಿದ್ದೇ. ಬಂಡವಾಳ ಲಾಭದ, ಅಂದರೆ ಶೇರು, ಜಾಗ ಇಂಥದ್ದನ್ನು ಮಾರಿ ಬಂದ ಲಾಭದ ಎದುರು ಮಾತ್ರ ಕಳೆಯಬಹುದು. ಈ ವರ್ಷ ಲಾಭ ಇಲ್ಲದಿದ್ದರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಅದಕ್ಕೆ ರಿಟರ್ನ್ ಗಡುವಿನೊಳಗೆ ಸಲ್ಲಿಕೆ ಆಗಿರಬೇಕು. ನಾಚಿಕೆಯಿಂದ ನಷ್ಟವನ್ನು ಹೇಳದೆ ಬಚ್ಚಿಟ್ಟು, ಎರಡು ವರ್ಷ ಬಿಟ್ಟು ಸ್ಟೇಟ್‌ಮೆಂಟ್ ಹಿಡಿದುಕೊಂಡು ಬಂದರೆ ನಾನೇನೂ ಮಾಡಲಿಕ್ಕಾಗುವುದಿಲ್ಲ. ಬ್ರೋಕರಿನಿಂದ ಇಡೀ ವರ್ಷದ ಲಾಭ ನಷ್ಟದ ಪಟ್ಟಿ ತೆಗೆದು, ಮೊದಲ ಚಾ ಬರುವ ಮೊದಲೇ ಮೇಜಿನ ಮೇಲೆ ಇಡಿ.