ಎರಡೂ ಧ್ರುವಕ್ಕೆ ಸೂರ್ಯ ಒಬ್ಬನೇ, ದಕ್ಷಿಣಕ್ಕೆ ಯಾಕೆ ಜಾಸ್ತಿ ಚಳಿ?

ಪ್ರಶ್ನೆ: ಉತ್ತರ ಧ್ರುವ, ದಕ್ಷಿಣ ಧ್ರುವ ಎರಡರಲ್ಲೂ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ. ಹಾಗಿದ್ದ ಮೇಲೆ ಚಳಿಯೂ ಒಂದೇ ಥರ ಇರಬೇಕಲ್ವಾ?

ಉತ್ತರ: ಲೆಕ್ಕದ ಪ್ರಕಾರ ಹೌದು. ಆದರೆ ಬೇಸಿಗೆಯಲ್ಲಿ ಉತ್ತರ ಧ್ರುವದ ತಾಪಮಾನ ಸೊನ್ನೆ ಡಿಗ್ರಿಯ ಆಸುಪಾಸಿಗೆ ಬರುತ್ತದೆ. ದಕ್ಷಿಣ ಧ್ರುವದಲ್ಲಿ ನಡುಬೇಸಿಗೆಯಲ್ಲೂ ಮೈನಸ್ 25-30. ಚಳಿಗಾಲದಲ್ಲಿ ಮೈನಸ್ 60ರ ಹತ್ತಿರ. ಇನ್ನೂ ತಮಾಷೆ ಅಂದರೆ, ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ. ಅದು ದಕ್ಷಿಣದವರ ಬೇಸಿಗೆ. ಹತ್ತಿರ ಬಂದೂ ಏನು ಪ್ರಯೋಜನ!

ಕಾಲ ಕೆಳಗೆ ಏನಿದೆ ನೋಡಿ. ಉತ್ತರ ಧ್ರುವದಲ್ಲಿ ನೆಲವೇ ಇಲ್ಲ. ಎರಡು-ಮೂರು ಮೀಟರ್ ದಪ್ಪದ ಮಂಜುಗಡ್ಡೆ, ಅದರಡಿ ನಾಲ್ಕು ಕಿಲೋಮೀಟರಿಗೂ ಜಾಸ್ತಿ ಆಳದ ಆರ್ಕ್ಟಿಕ್ ಸಾಗರ. 1958ರಲ್ಲಿ ಅಮೆರಿಕದ ನಾಟಿಲಸ್ ಸಬ್‌ಮರೀನ್ ಧ್ರುವದ ಅಡಿಯಲ್ಲೇ ನುಸುಳಿ ಆಚೆ ದಾಟಿತು. ಸಮುದ್ರದ ನೀರು ಹೆಪ್ಪುಗಟ್ಟುವುದು ಸುಮಾರು ಮೈನಸ್ 1.8 ಡಿಗ್ರಿಯಲ್ಲಿ. ಮೇಲೆ ಗಾಳಿ ಮೈನಸ್ 30 ಇದ್ದರೂ ಕೆಳಗಿನ ನೀರು ಮೈನಸ್ 1.8ಕ್ಕಿಂತ ತಣ್ಣಗಾಗುವುದಿಲ್ಲ. ಆ ಶಾಖವೇ (ನಾವು ಅದಕ್ಕೆ ಶಾಖ ಅನ್ನಲಿಕ್ಕಿಲ್ಲ, ಬಿಡಿ) ಗಡ್ಡೆಯನ್ನು ಹಾದು, ಬಿರುಕುಗಳಿಂದ ಹೊರಟು, ಚಳಿಗಾಲವಿಡೀ ಮೇಲಕ್ಕೆ ಸೋರುತ್ತಿರುತ್ತದೆ.

ದಕ್ಷಿಣ ಧ್ರುವ ಇರುವುದು 2,835 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 900 ಮೀಟರ್ ಮೇಲೆ. ಆ ಎತ್ತರದಲ್ಲಿ ಸುಮಾರು 2,700 ಮೀಟರ್ ಬರೀ ಮಂಜುಗಡ್ಡೆ, ಅದೂ ಸುಮ್ನೆ ನಿಂತಿಲ್ಲ. ವರ್ಷಕ್ಕೆ ಹತ್ತು ಮೀಟರಿನಷ್ಟು ಜರುಗುತ್ತದೆ. ಧ್ರುವದ ಗುರುತಿಗೆ ನೆಟ್ಟ ಕಂಬವೂ ಅದರ ಜೊತೆಗೇ ಸರಿದುಹೋಗುತ್ತದೆ. ಹಾಗಾಗಿ ಅಲ್ಲಿನ ಸಂಶೋಧನಾ ಕೇಂದ್ರದವರು ಪ್ರತಿ ಜನವರಿ 1ಕ್ಕೆ ಸರಿಯಾದ ಜಾಗ ಅಳೆದು ಹೊಸ ಗುರುತು ನೆಡುತ್ತಾರೆ. ಎತ್ತರದ ಗಾಳಿ ತೆಳು, ಒಣ. ಶಾಖ ಹಿಡಿದಿಡುವ ತೇವ ಅದರಲ್ಲಿಲ್ಲ. ಬಿದ್ದ ಬಿಸಿಲನ್ನು ಬಿಳಿ ಹಿಮ ವಾಪಸ್ ಕಳಿಸಿಬಿಡುತ್ತದೆ. ಅಂಟಾರ್ಕ್ಟಿಕಾದಲ್ಲೇ ಇನ್ನೂ ಎತ್ತರದಲ್ಲಿರುವ ರಷ್ಯಾದ ವೋಸ್ಟಾಕ್ ಸಂಶೋಧನಾ ಕೇಂದ್ರದಲ್ಲಿ 1983ರ ಜುಲೈ 21ರಂದು ಮೈನಸ್ 89.2 ಡಿಗ್ರಿ ದಾಖಲಾಯಿತು.

ಸುತ್ತಲಿನ ಸಮುದ್ರದ ಪಾತ್ರವೂ ಸಣ್ಣದಲ್ಲ. ನನಗಂತೂ ಇದೇ ಹೆಚ್ಚು ಕುತೂಹಲದ ಭಾಗ. ಆರ್ಕ್ಟಿಕ್ ಸಾಗರದ ಸುತ್ತ ನೆಲ ಇದೆ, ಆದರೆ ನಾರ್ವೆಯ ಕಡೆ ದೊಡ್ಡ ಬಾಗಿಲು ತೆರೆದಿದೆ. ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ ಅಲ್ಲಿಂದ ಒಳಗೆ ಬರುತ್ತದೆ. ಅಂಟಾರ್ಕ್ಟಿಕಾದ ಸುತ್ತ ಬರೀ ನೀರು. ದಕ್ಷಿಣ ಅಮೆರಿಕದ ತುದಿಗೂ ಅದಕ್ಕೂ ನಡುವೆ 800 ಕಿಲೋಮೀಟರ್ ಅಗಲದ ಡ್ರೇಕ್ ಜಲಮಾರ್ಗ ತೆರೆದಾಗಿನಿಂದ, ಪಡುವಣದಿಂದ ಮೂಡಣಕ್ಕೆ ಹರಿಯುವ ಪ್ರವಾಹಕ್ಕೆ ಎಲ್ಲೂ ಅಡ್ಡಿಯಿಲ್ಲ. ಖಂಡವನ್ನು ಸುತ್ತುತ್ತಲೇ ಇರುತ್ತದೆ. ಜಗತ್ತಿನ ಅತಿ ದೊಡ್ಡ ಸಾಗರ ಪ್ರವಾಹ ಇದು. ಉತ್ತರದಿಂದ ಬರುವ ಬೆಚ್ಚಗಿನ ನೀರಿಗೆ ಇದನ್ನು ದಾಟಿ ಒಳಗೆ ಹೋಗುವುದು ಕಷ್ಟ.

ಇದರ ಪರಿಣಾಮ ನೋಡಬೇಕೆಂದರೆ ನಕ್ಷೆಯಲ್ಲಿ 69 ಡಿಗ್ರಿ ಅಕ್ಷಾಂಶ ಹುಡುಕಿ. ಉತ್ತರದಲ್ಲಿ ಅಲ್ಲಿ ರಷ್ಯಾದ ಮುರ್ಮನ್ಸ್ಕ್ ಬಂದರು, ದಕ್ಷಿಣದಲ್ಲಿ ಅಂಟಾರ್ಕ್ಟಿಕಾದ ಅಂಚಿನಲ್ಲಿರುವ ನಮ್ಮ ದೇಶದ ಸಂಶೋಧನಾ ಕೇಂದ್ರ ಭಾರತಿ. ಮುರ್ಮನ್ಸ್ಕ್‌ಗೆ ನಡುಚಳಿಗಾಲದಲ್ಲೂ ಹಡಗು ಬಂದುಹೋಗುತ್ತವೆ. ಭಾರತಿಗೆ ಬೇಕಾದ ಸಾಮಾನು, ಇಂಧನ ಹೊತ್ತ ಹಡಗು ಮಾತ್ರ ಅಲ್ಲಿನ ಬೇಸಿಗೆಗೇ ಕಾಯಬೇಕು.